ನಮ್ಮ ಗಿರಣಿಗೆ ಮೌನ ಕಲಿಸಲು ಬಂದ ಶಾಂತಿ ಪೆಟ್ಟಿಗೆಗೆ

ನಮ್ಮ ನಡುಮನೆಯ ಗೋಡೆಯ ಮೇಲೆ, ಮನೆಮಂದಿಯ ಕಣ್ಣಿಗೆಲ್ಲ ಕಾಣುವ ಎತ್ತರದಲ್ಲಿ, ಹಸಿರು ಹಳದಿ ಕೆಂಪು ಎಂಬ ಮೂರು ಮುಖಭಾವಗಳೊಂದಿಗೆ ವಿರಾಜಮಾನರಾಗಿದ್ದ ಶಾಂತಿ ಪೆಟ್ಟಿಗೆಯವರ ಘನ ಸನ್ನಿಧಾನಕ್ಕೆ, ಹಿಟ್ಟಿನ ಗಿರಣಿಯ ಯಜಮಾನಿಯ ಗೌರವಪೂರ್ವಕ ವಂದನೆಗಳು.

ಮಾನ್ಯರೇ,

ಮೊದಲಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಮನೆಯಲ್ಲಿದ್ದಷ್ಟು ಕಾಲವೂ ತಾವು ನನ್ನನ್ನು ‘ಹೆಚ್ಚಿನ ಶಬ್ದ’ ಎಂದು ಕರೆದಿರೇ ಹೊರತು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಬೀದಿಯ ತಿರುವಿನಲ್ಲಿ, ನಮ್ಮ ಮನೆಗೆ ಅಂಟಿಕೊಂಡಿರುವ ಹಿಟ್ಟಿನ ಗಿರಣಿ ನನ್ನದು. ಹೈಸ್ಕೂಲು ಮುಗಿಸಿದ ವರ್ಷವೇ ಈ ಮನೆಗೆ ಸೊಸೆಯಾಗಿ ಬಂದೆ. ಯಜಮಾನರು ತೀರಿಕೊಂಡ ಮೇಲೆ ಗಿರಣಿಯನ್ನೂ ಮಕ್ಕಳನ್ನೂ ಒಬ್ಬಳೇ ನಡೆಸಿದೆ. ತಿರುಗುವ ಕಲ್ಲಿನ ಪಕ್ಕ ನಿಂತು ‘ಈ ಡಬ್ಬ ಯಾರದು?’ ಎಂದು ಕೇಳಿದರೆ, ಬೀದಿಯ ಆಚೆ ಕೊನೆಯಲ್ಲಿ ಹರಟೆ ಹೊಡೆಯುತ್ತಿರುವ ಡಬ್ಬದ ಒಡತಿ ಅಲ್ಲಿಂದಲೇ ‘ಬಂದೆ ಬಂದೆ’ ಎನ್ನಬೇಕು. ಅಂಥ ಗಂಟಲು ನನಗೆ ಹುಟ್ಟಿನಿಂದ ಬಂದದ್ದಲ್ಲ, ಗಿರಣಿ ಕೊಟ್ಟದ್ದು. ಈಗ ಗಿರಣಿಯನ್ನು ಹಿರಿಮಗ ನಡೆಸುತ್ತಾನೆ, ಹಿರಿಮಗನನ್ನು ನಾನು ನಡೆಸುತ್ತೇನೆ. ಈ ಬೀದಿಯಲ್ಲಿ ನನ್ನ ಮಾತನ್ನು ಅರ್ಧಕ್ಕೆ ತಡೆದವರು ಯಾರೂ ಇರಲಿಲ್ಲ. ಆ ಕೊರತೆಯನ್ನು ತಾವು ಬಂದು ನೀಗಿಸಿದಿರಿ.

ಮನೆಯ ಸದ್ದನ್ನು ಅಳೆದು ದೀಪದ ಬಣ್ಣ ಬದಲಿಸುವ ತಾವು ಬಂದದ್ದು ನನ್ನ ಮೊಮ್ಮಗಳಿಗಾಗಿ. ಇನ್ನೂ ಶಾಲೆಗೆ ಸೇರುವ ವಯಸ್ಸಾಗದ ಈ ಮಗು ತೆಳ್ಳಗೆ, ನೆಟ್ಟಗೆ ಇರುವುದರಿಂದ ಮನೆಯವರ ಬಾಯಲ್ಲಿ ‘ಕಡ್ಡಿ’ ಆಗಿದ್ದಾಳೆ. ಅವಳಿಗೆ ಆಟಿಸಂ ಇದೆಯೆಂದು ಮಕ್ಕಳ ಆಸ್ಪತ್ರೆಯವರು ಹೇಳಿದ್ದಾರೆ. ಮಾತು ಇನ್ನೂ ಬಂದಿಲ್ಲ. ಮಿಕ್ಸಿ ಕಿರುಚಿದರೆ, ಕುಕ್ಕರು ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಾಳೆ. ತಲೆಗೆ ಬಾಚಣಿಗೆ ತಾಗಿದರೆ ಮುಳ್ಳು ಚುಚ್ಚಿದವಳಂತೆ ಅಳುತ್ತಾಳೆ. ಆಸ್ಪತ್ರೆಯ ಥೆರಪಿಸ್ಟ್ ಹೇಳಿಕೊಟ್ಟಂತೆ ಹಿಟ್ಟಿನಲ್ಲಿ ಕೈಯಾಡಿಸಲು ಬಿಡುವುದು, ಎರಡು ದಿಂಬುಗಳ ನಡುವೆ ಹಿತವಾಗಿ ಒತ್ತಿ ಹಿಡಿಯುವುದು, ಜೋಕಾಲಿಯಲ್ಲಿ ಮೆಲ್ಲಗೆ ತೂಗುವುದು, ಇವೆಲ್ಲವನ್ನೂ ನಾವು ಮಾಡುತ್ತಲೇ ಇದ್ದೆವು. ಆದರೆ ಅಲ್ಲಿ ಕಾಯುವ ಮಕ್ಕಳ ಸಾಲು ಉದ್ದ, ತಾಯಿಯ ಕರುಳಿಗೆ ತಾಳ್ಮೆ ಕಡಿಮೆ. ‘ಮನೆಯಲ್ಲೇ ಇಂದ್ರಿಯ ಚಿಕಿತ್ಸೆ, ಮಗುವಿಗೆ ಶಾಂತಿಯ ಲೋಕ’ ಎಂಬ ತಮ್ಮ ಕಂಪನಿಯ ಜಾಹೀರಾತನ್ನು ನನ್ನ ಸೊಸೆ ಫೋನಿನಲ್ಲಿ ನೋಡಿ ಕಣ್ಣೊರೆಸಿಕೊಂಡಳು. ಅವಳನ್ನು ನಾನು ದೂರುವುದಿಲ್ಲ. ಮಗು ನೆಲದ ಮೇಲೆ ಒದ್ದಾಡುವುದನ್ನು ನೋಡಿದ ತಾಯಿ ಯಾರು ಏನು ಹೇಳಿದರೂ ಕೇಳುತ್ತಾಳೆ. ಅದು ತಮ್ಮ ಕಂಪನಿಗೆ ಚೆನ್ನಾಗಿ ಗೊತ್ತು.

ತಮ್ಮೊಡನೆ ಬಂದ ಪರಿವಾರವನ್ನೂ ಇಲ್ಲಿ ನೆನೆಯಬೇಕು. ಮೈಯುಜ್ಜುವ ಮೆತ್ತನೆಯ ಬ್ರಷ್ಷು ಬಂತು, ಭಾರದ ಹೊದಿಕೆ ಬಂತು. ಜೊತೆಗೆ ‘ಸ್ಪರ್ಶ ಕಾಳು’ ಎಂದು ಅಚ್ಚು ಹಾಕಿಸಿದ ಪುಟ್ಟ ಚೀಲವೊಂದು ಬಂತು. ಅದರಲ್ಲಿದ್ದದ್ದು ನೀಲಿ ಬಣ್ಣ ಹಚ್ಚಿದ ಗೋಧಿ. ಆಳೆತ್ತರಕ್ಕೆ ಗೋಧಿಯ ಮೂಟೆಗಳನ್ನು ಪೇರಿಸಿಟ್ಟ ಗಿರಣಿಯ ಬಾಗಿಲಿಗೆ ಒಂದು ಹಿಡಿ ಗೋಧಿಯನ್ನು ಪೆಟ್ಟಿಗೆ ಕಟ್ಟಿ ಕಳುಹಿಸಿದ ಆ ದೂರದೃಷ್ಟಿಯನ್ನು ಕಂಡು ನನ್ನ ಮಗ, “ಅಮ್ಮಾ, ನಮ್ಮ ಗೋಧಿ ಮುಟ್ಟಿದ್ರೆ ಆಗಲ್ವಂತಾ?” ಎಂದು ಕೇಳಿದ. “ನಮ್ಮ ಗೋಧಿಗೆ ತರಬೇತಿ ಆಗಿಲ್ಲ ಕಣೋ,” ಎಂದೆ. ಅಷ್ಟಕ್ಕೇ ತಮ್ಮ ಮುಖ ಕೆಂಪಾಯಿತು. ತಮ್ಮ ಕಂಠದಿಂದ ಜೇನು ಸವರಿದಂಥ ಹೆಣ್ಣು ದನಿಯೊಂದು, ‘ಮಗುವಿಗಾಗಿ ಮೆಲ್ಲಗೆ ಮಾತಾಡೋಣವೇ?’ ಎಂದಿತು. ನನಗೂ ತಮಗೂ ಪರಿಚಯವಾದದ್ದು ಹೀಗೆ.

ಅಂದಿನಿಂದ ತಮ್ಮ ಆಳ್ವಿಕೆ. ನಾನೂ ಒಂದು ಕಾಲಕ್ಕೆ ಅತ್ತೆಯ ಕೈಕೆಳಗೆ ಬದುಕಿದವಳು. ಅತ್ತೆಯವರು ಬಹಳ ಗಟ್ಟಿ ಹೆಂಗಸು. ಆದರೂ ಬೈಯುವ ಮೊದಲು ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು, ಊಟದ ಹೊತ್ತಿಗೆ ಸುಮ್ಮನಾಗುತ್ತಿದ್ದರು. ತಮಗೆ ಉಸಿರಿನ ಹಂಗೂ ಇಲ್ಲ, ಊಟದ ಹಂಗೂ ಇಲ್ಲ. ಮಗ ಸೀನು ಬಂದರೆ ಮೂಗು ಹಿಡಿದುಕೊಂಡು ಬೀದಿಗೆ ಓಡುವುದನ್ನು ಕಲಿತ. ಸ್ಟೀಲಿನ ತಟ್ಟೆಗಳೆಲ್ಲ ಅಟ್ಟ ಸೇರಿ, ಊಟ ಪ್ಲಾಸ್ಟಿಕ್ಕಿಗೆ ಬಂತು. ಸೊಸೆ ಬಟ್ಟೆಯನ್ನು ಜಾಡಿಸದೆ ಒಣಗಿ ಹಾಕತೊಡಗಿದ್ದರಿಂದ ನಾವೆಲ್ಲ ಸುಕ್ಕುಸುಕ್ಕಾಗಿ ತಿರುಗಾಡಿದೆವು. ಬಂದ ನೆಂಟರು ನಮ್ಮ ಪಿಸುಮಾತು ಕೇಳಿ, ಒಳಗೆ ಯಾರೋ ಕೊನೆಯುಸಿರು ಎಳೆಯುತ್ತಿದ್ದಾರೆಂದು ತಿಳಿದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ವಾಪಸು ಹೋದರು. ನನ್ನ ವಿಷಯ ಹೇಳುವುದೇ ಬೇಡ. ನಾನು ‘ನೀರು’ ಎಂದರೆ ತಾವು ಹಳದಿ, ‘ನೀರು ಕೊಡೇ’ ಎಂದರೆ ಕೆಂಪು. ನನ್ನ ಬಾಯಿಗೆ ಬೀಗ ಹಾಕಬಲ್ಲವರು ಹುಟ್ಟಿಲ್ಲವೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವರ ಮಾತು ಸುಳ್ಳಲ್ಲ. ತಾವು ಹುಟ್ಟಿದವರಲ್ಲ, ತಯಾರಾದವರು.

ತಮ್ಮ ಧೈರ್ಯವನ್ನು ಹೊಗಳದೆ ಮುಂದೆ ಹೋಗಲಾರೆ. ಗದ್ದಲವಾದಾಗಲೆಲ್ಲ ಎಚ್ಚರಿಸಲು ತಾವು ಹೊಡೆಯುತ್ತಿದ್ದ ಆ ಗಂಟೆ ಇದೆಯಲ್ಲ, ಸೂಜಿಯ ಮೊನೆಯಂಥ ಆ ‘ಟಿಣ್’, ಅದಕ್ಕೆ ನಮ್ಮ ಕಡ್ಡಿ ಪ್ರತಿ ಸಲವೂ ಎರಡೂ ಕಿವಿ ಮುಚ್ಚಿಕೊಂಡು ಮುದುಡುತ್ತಿದ್ದಳು. ಇಡೀ ಮನೆಯನ್ನು ಸುಮ್ಮನಾಗಿಸಿ, ಆ ಮೌನದಲ್ಲಿ ಮಗುವಿಗೆ ನೋವು ಕೊಡುವ ಸದ್ದನ್ನು ತಾವೊಬ್ಬರೇ ಮಾಡುತ್ತಿದ್ದಿರಿ. ಇಷ್ಟು ಅಚ್ಚುಕಟ್ಟಾಗಿ ಹುದ್ದೆ ನಿಭಾಯಿಸಿದ ಮೇಲಧಿಕಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮ ಕಂಪನಿಯ ಸಲಹೆಗಾರರೊಬ್ಬರು, ಸದಾ ನಗುಮುಖದ ಆ ಯುವಕರು, ತಮ್ಮನ್ನು ಗೋಡೆಗೇರಿಸಲು ಬಂದಾಗಲೂ ಆಮೇಲೆ ತಪಾಸಣೆಗೆ ಬಂದಾಗಲೂ ಕಡ್ಡಿ ಅತ್ತು ರಂಪ ಮಾಡಿದಳು. ಅವರು ತಲೆಯಾಡಿಸಿ, ಮಗುವಿಗೆ ಮನೆಯ ಶಬ್ದವೇ ಶತ್ರು ಎಂದು ತೀರ್ಮಾನಿಸಿದರು. ನಡುಮನೆಯಿಂದ ಗಿರಣಿಗೆ ಹೋಗುವ ಮರದ ಬಾಗಿಲಿಗೆ ದಪ್ಪ ಫೋಮು ಬಡಿಸಿದರು. ಮಗುವನ್ನು ಪಾರ್ಕಿಗೆ ಕರೆದೊಯ್ದಾಗ ಮಾತ್ರ ಗಿರಣಿ ಓಡಿಸಬೇಕೆಂದರು. ಒಪ್ಪಿದೆವು. ಡಬ್ಬ ಹೊತ್ತು ಬಂದವರು ಮುಚ್ಚಿದ ಷಟರು ನೋಡಿ ಗೊಣಗುತ್ತಾ ಹೋದರು. ಅದನ್ನೂ ಸಹಿಸಿದೆವು. ಕೊನೆಗೆ ತಮ್ಮ ವಾರದ ವರದಿಯಲ್ಲಿ ಒಂದು ಸಲಹೆ ಬಂತು. ‘ಮನೆಯ ಪ್ರಮುಖ ಶಬ್ದಮೂಲವಾದ ಅಜ್ಜಿಯವರನ್ನು ಮೇಲಿನ ಮಹಡಿಗೆ ಸ್ಥಳಾಂತರಿಸಿ, ಮಗುವಿನೊಂದಿಗೆ ಅವರ ಸಂಪರ್ಕವನ್ನು ಮಿತಗೊಳಿಸುವುದು ಸೂಕ್ತ.’ ಮಗ ಅದನ್ನು ಓದಿ ಹೇಳಿದ. ಸೊಸೆ ತಲೆ ತಗ್ಗಿಸಿ, “ಅತ್ತೆ, ಸ್ವಲ್ಪ ದಿನಕ್ಕೆ ಅಷ್ಟೇ,” ಎಂದಳು. ನಾನು ಹಾಸಿಗೆ ಸುತ್ತಿಕೊಂಡು ಮೇಲೆ ಹೋದೆ. ಗಿರಣಿಯ ಭಾಗವೆಂದೇ ನನ್ನನ್ನು ಲೆಕ್ಕ ಹಿಡಿದು, ಎರಡನ್ನೂ ಒಟ್ಟಿಗೇ ನಿಲ್ಲಿಸಿದ ತಮ್ಮ ವಿವೇಚನೆ ದೊಡ್ಡದು.

ಇನ್ನು ತಮ್ಮ ಮೌನದ ಫಲವನ್ನು ವರದಿ ಮಾಡುವುದು ನನ್ನ ಕರ್ತವ್ಯ. ಕಡ್ಡಿ ತನ್ನ ಮಣಿಕಟ್ಟನ್ನು ಕಚ್ಚಿಕೊಳ್ಳಲು ಶುರು ಮಾಡಿದಳು. ಮೊದಲು ಹಲ್ಲಿನ ಗುರುತು ಮೂಡಿತು, ಆಮೇಲೆ ಚರ್ಮ ಸುಲಿಯಿತು. ಫೋಮು ಬಡಿದ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಫೋಮಿನ ದೆಸೆಯಿಂದ ಆ ಪೆಟ್ಟೂ ಕೇಳುತ್ತಿರಲಿಲ್ಲ, ಹಾಗಾಗಿ ತಮ್ಮ ಮುಖ ಹಸಿರಾಗಿಯೇ ಇರುತ್ತಿತ್ತು. ಮಗುವಿನ ಮಣಿಕಟ್ಟಿನಿಂದ ರಕ್ತ ಜಿನುಗುತ್ತಿದ್ದ ಬೆಳಿಗ್ಗೆ ತಾವು ನಮ್ಮ ಮನೆಗೆ ‘ಅತ್ಯುತ್ತಮ ಶಾಂತಿ’ ಎಂದು ಬಿರುದು ಕೊಟ್ಟು ಒಂದು ನಕ್ಷತ್ರದ ಚಿತ್ರ ತೋರಿಸಿದಿರಿ. ಆ ನಕ್ಷತ್ರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಸೊಸೆ ತಮ್ಮ ಕಂಪನಿಗೆ ಫೋನು ಮಾಡಿದಳು. ನಗುಮುಖದ ಯುವಕರು ಆ ಕಡೆಯಿಂದ, “ಮೇಡಂ, ಗಾಬರಿ ಬೇಡ. ಶುರುವಿನಲ್ಲಿ ಹೀಗಾಗೋದು ಸುಧಾರಣೆಯ ಲಕ್ಷಣ. ಮನೆಯಲ್ಲಿ ಇನ್ನೂ ಸ್ವಲ್ಪ ಮೌನ ಜಾಸ್ತಿ ಮಾಡಿ,” ಎಂದರು. ಮಹಡಿಯಿಂದ ಇಳಿದು ಬಂದ ನಾನು ಫೋನು ಕಿತ್ತುಕೊಂಡು, “ಇದಕ್ಕಿಂತ ಮೌನ ಬೇಕು ಅಂದ್ರೆ ನಾವು ಉಸಿರಾಡೋದು ನಿಲ್ಲಿಸ್ಬೇಕಪ್ಪ. ಅದಕ್ಕೂ ಏನಾದ್ರೂ ಪೆಟ್ಟಿಗೆ ಮಾಡಿದ್ದೀರಾ?” ಎಂದೆ. ತಾವು ಕೂಡಲೇ ಕೆಂಪಾಗಿ, ನನ್ನನ್ನು ಮೆಲ್ಲಗೆ ಮಾತಾಡಲು ಕೋರಿದಿರಿ. ಎದುರಿಗೆ ಮಗುವಿನ ಕೈಗೆ ಮುಲಾಮು ಹಚ್ಚುತ್ತಿದ್ದ ತಾಯಿಯ ಅಳುವನ್ನು ತಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಸದ್ದಿಲ್ಲದೆ ಅಳುತ್ತಿದ್ದಳು. ತಮ್ಮ ನಿಯಮದಂತೆ ಅದು ಶಾಂತಿ.

ಆ ಗಳಿಗೆಯಲ್ಲೇ ಗಿರಣಿಯ ಮುಂಬಾಗಿಲ ಷಟರನ್ನು ಯಾರೋ ದಬದಬ ಬಡಿದರು. ಪಕ್ಕದ ಬೀದಿಯ ಹಾಸ್ಟೆಲಿನ ಅಡುಗೆಯವರು, ಹೆಗಲ ಮೇಲೆ ಗೋಧಿ ಮೂಟೆ. “ಅಮ್ಮಾ, ನಿಮ್ಮ ಪೆಟ್ಟಿಗೆಗೆ ಕೈ ಮುಗಿತೀನಿ. ಮಧ್ಯಾಹ್ನಕ್ಕೆ ಒಂದು ಹಿಡಿ ಹಿಟ್ಟಿಲ್ಲ. ಅಷ್ಟೂ ಹುಡುಗರು ತಟ್ಟೆ ಬಡಿಯೋಕೆ ಶುರು ಮಾಡಿದ್ರೆ ಆ ಸದ್ದು ನಿಮ್ಮನೇವರೆಗೂ ಬರುತ್ತೆ ನೋಡಿ,” ಎಂದು ಅಲ್ಲಿಂದಲೇ ಕೂಗಿದರು. ಮಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಹೋಗಿ ಮೋಟಾರಿನ ಗುಂಡಿ ಒತ್ತಿದ. ಬೆಲ್ಟು ಎಳೆದುಕೊಂಡಿತು, ಕಲ್ಲು ತಿರುಗಿತು, ಮನೆಯ ನೆಲ ಎಂದಿನಂತೆ ಸಣ್ಣಗೆ ನಡುಗಿತು.

ಕಡ್ಡಿ ಬಾಯಿಂದ ಕೈ ತೆಗೆದಳು. ತಾಯಿಯ ತೊಡೆಯಿಂದ ಇಳಿದು ಸೀದಾ ಆ ಬಾಗಿಲಿಗೆ ಹೋದಳು. ಫೋಮನ್ನು ಉಗುರಿನಿಂದ ಕಿತ್ತಳು, ಹಲ್ಲಿನಿಂದ ಎಳೆದಳು, ತನ್ನೆತ್ತರದಷ್ಟು ಜಾಗ ಬರಿಮರ ಆಗುವ ತನಕ ಬಿಡಲಿಲ್ಲ. ಆಮೇಲೆ ಕೆನ್ನೆ, ಹೊಟ್ಟೆ, ಎರಡೂ ಅಂಗೈಗಳನ್ನು ಆ ಅದುರುವ ಮರಕ್ಕೆ ಅಂಟಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟಳು. ಅವಳ ಹೆಗಲುಗಳು ಕೆಳಗಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಹೊತ್ತೂ ತಾವು ಕೆಂಡದಂತೆ ಉರಿಯುತ್ತಾ ‘ಮಗು ತೊಂದರೆಯಲ್ಲಿದೆ, ಶಬ್ದ ನಿಲ್ಲಿಸಿ’ ಎಂದು ಸಾರುತ್ತಿದ್ದಿರಿ. ಅಷ್ಟು ದಿನ ಮಗು ತೊಂದರೆಯಲ್ಲಿದ್ದಾಗ ಹಸಿರಾಗಿದ್ದವರು, ಮಗುವಿಗೆ ನೆಮ್ಮದಿ ಸಿಕ್ಕ ಕ್ಷಣ ಕೆಂಪಾದಿರಿ. ತಪ್ಪುವುದರಲ್ಲೂ ಇಂಥ ನಿಷ್ಠೆ ಅಪರೂಪ.

“ಯಾರೂ ಗಿರಣಿ ನಿಲ್ಲಿಸ್ಬೇಡಿ!” ಎಂದು ನಾನು ಕೂಗಿದೆ, ನನ್ನ ಸ್ವಂತ ದನಿಯಲ್ಲಿ, ಬಹಳ ದಿನಗಳ ಮೇಲೆ. ಕಡ್ಡಿ ತಿರುಗಿದಳು. ಬಂದು ನನ್ನ ಎದೆಗೆ ಬೆನ್ನು ಒತ್ತಿಕೊಂಡು ನಿಂತಳು. ತಾವು ಬರುವ ಮೊದಲು, ನಾನು ಯಾರನ್ನಾದರೂ ಬೈಯುವಾಗಲೆಲ್ಲ ಅವಳು ಹೀಗೆಯೇ ಬಂದು ಒರಗುತ್ತಿದ್ದಳು. ಬೈಸಿಕೊಳ್ಳುವವರ ಪರವಾಗಿ ಅಜ್ಜಿಯನ್ನು ಸಮಾಧಾನ ಮಾಡುತ್ತಾಳೆಂದು ನಾವು ತಿಳಿದಿದ್ದೆವು. ಅವಳಿಗೆ ಬೇಕಿದ್ದದ್ದು ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ. ನನ್ನ ಪಕ್ಕೆಲುಬಿನಲ್ಲಿ ಹುಟ್ಟುವ ನಡುಕ.

ಆಗ ಸೊಸೆಗೆ ಹೊಳೆಯಿತು. “ಅತ್ತೆ, ಆ ಕಂಪನಿಯವರು ಬಂದಾಗೆಲ್ಲ ನಾವು ಗಿರಣಿ ನಿಲ್ಲಿಸಿದ್ವಲ್ಲ!” ಎಂದಳು. ಮನೆಗೆ ಅತಿಥಿ ಬಂದರೆ ಗಿರಣಿ ನಿಲ್ಲಿಸುವುದು ಯಜಮಾನರ ಕಾಲದಿಂದ ನಡೆದು ಬಂದ ಮರ್ಯಾದೆ. ಗುಡುಗುವ ಯಂತ್ರದ ಪಕ್ಕ ಕೂರಿಸಿ ಬಂದವರನ್ನು ಕಿರುಚಾಡಿಸುವವರಲ್ಲ ನಾವು. ನಗುಮುಖದ ಯುವಕರು ಹೊಸ್ತಿಲು ದಾಟುವ ಮೊದಲೇ ಗಿರಣಿ ನಿಲ್ಲುತ್ತಿತ್ತು, ಗಿರಣಿ ನಿಂತ ಕೂಡಲೇ ಮಗು ರಂಪ ಶುರು ಮಾಡುತ್ತಿತ್ತು, ಅವರು ಅದನ್ನು ನೋಡಿ ಶಬ್ದದ ಮೇಲೆ ತೀರ್ಪು ಕೊಡುತ್ತಿದ್ದರು. ಇಲ್ಲದ ಶಬ್ದಕ್ಕೆ ಮಗು ಏಕೆ ಅಳುತ್ತದೆ ಎಂದು ಅವರು ಕೇಳಲಿಲ್ಲ. ಗಿರಣಿ ಓಡುವಾಗ ಮಗು ಹೇಗಿರುತ್ತದೆಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವು. ಕೇಳುವುದಕ್ಕೆ ತಾವಿದ್ದೀರೆಂದು ಅವರು ನಿಶ್ಚಿಂತರಾಗಿದ್ದರು.

ಆಸ್ಪತ್ರೆಯ ಥೆರಪಿಸ್ಟ್ ಬಳಿಗೆ ಮತ್ತೆ ಹೋಗಿ ಎಲ್ಲವನ್ನೂ ಹೇಳಿದೆವು. ಆಕೆ ಮೊದಲು ಮಣಿಕಟ್ಟಿನ ಗಾಯ ನೋಡಿ ನಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು, ಆಮೇಲೆ ಮಗುವಿನ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದರು. “ಅಮ್ಮಾ, ಇವಳಿಗೆ ಸದ್ದು ಕಿವಿಗೆ ಬೇಡ, ಮೈಗೆ ಬೇಕು. ಕೀರಲು ಸದ್ದು ನೋವು ಕೊಡುತ್ತೆ, ದಪ್ಪ ಅದುರು ಹಿತ ಕೊಡುತ್ತೆ. ಎಲ್ಲ ಮಕ್ಕಳೂ ಹೀಗೇ ಅಂದ್ಕೋಬೇಡಿ. ಇನ್ನೊಂದು ಮಗುವಿಗೆ ನಿಮ್ಮ ಗಿರಣಿ ನರಕ ಆಗಬಹುದು. ಇವಳು ಯಾವುದನ್ನ ಹುಡುಕಿಕೊಂಡು ಹೋಗ್ತಾಳೆ, ಯಾವುದರಿಂದ ಓಡ್ತಾಳೆ, ಅದನ್ನ ನೋಡಿ,” ಎಂದರು. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಸಿ, ಬೆಲ್ಟು ಮತ್ತು ಹಿಟ್ಟಿನ ಧೂಳು ಇರುವ ಕಡೆಗೆ ಬಿಡಬೇಡಿ, ಅವಳಾಗಿ ದೂರ ಸರಿದರೆ ಒತ್ತಾಯ ಮಾಡಬೇಡಿ ಎಂದೂ ಕಟ್ಟುನಿಟ್ಟಾಗಿ ಹೇಳಿದರು. ಆಕೆಗೆ ಹಸಿರು ದೀಪವೂ ಇಲ್ಲ, ಕೆಂಪು ದೀಪವೂ ಇಲ್ಲ. ಎರಡು ಕಣ್ಣುಗಳಿವೆ. ಪಾಪ, ಹಳೆಯ ಮಾದರಿ.

ಆದ್ದರಿಂದ ಮಾನ್ಯರೇ, ತಮ್ಮಂಥ ಮೇಧಾವಿಗಳಿಗೆ ನಮ್ಮ ಪುಟ್ಟ ಮನೆ ಸಾಲದು. ಮುಂದಿನ ನೇಮಕದಲ್ಲಿ ತಾವು ಕೈಗೊಳ್ಳಬಹುದಾದ ಕೆಲವು ಸೇವೆಗಳನ್ನು ಕೋರುತ್ತೇನೆ. ಗೋಧಿ ಕಾಳುಗಳನ್ನೆಲ್ಲ ಒಂದೆಡೆ ಕೂರಿಸಿ, ಕಲ್ಲಿನ ಸಹಾಯವಿಲ್ಲದೆ ಪರಸ್ಪರ ಒಪ್ಪಂದದಿಂದ, ಪಿಸುದನಿಯಲ್ಲಿ, ತಾವಾಗಿಯೇ ಹಿಟ್ಟಾಗುವಂತೆ ಅವುಗಳಿಗೆ ಬುದ್ಧಿ ಹೇಳಬೇಕು. ಸಿಡಿಲಿಗೆ ಒಂದು ನೋಟಿಸು ಕಳುಹಿಸಿ, ಮೊದಲು ಮಿಂಚಿ, ಆಮೇಲೆ ಅನುಮತಿ ಪಡೆದು, ಮಕ್ಕಳಿಲ್ಲದ ಬಯಲಿನಲ್ಲಿ ಬೀಳುವಂತೆ ಒಪ್ಪಿಸಬೇಕು. ಹುಟ್ಟುವ ಕೂಸುಗಳಿಗೆ ಗರ್ಭದಲ್ಲೇ ತರಬೇತಿ ಕೊಟ್ಟು, ಮೊದಲ ಅಳುವನ್ನು ಬರವಣಿಗೆಯಲ್ಲಿ ಸಲ್ಲಿಸುವ ಪದ್ಧತಿ ತರಬೇಕು. ಇವೆಲ್ಲ ತಮಗೆ ಸುಲಭ. ಕಷ್ಟದ ಕೆಲಸ ಒಂದೇ ಇದೆ, ಅದನ್ನು ತಮ್ಮ ಕಂಪನಿಗೆ ಹೇಳಿ ನೋಡಿ: ಒಂದು ಮಗುವಿನ ಮನೆಗೆ ಬಂದಾಗ ಆ ಒಂದು ಮಗುವನ್ನು ನೋಡುವುದು.

ನಮ್ಮ ಮಟ್ಟಿಗೆ ಹೇಳುವುದಾದರೆ, ನಾನು ಮಹಡಿಯಿಂದ ಇಳಿದು ಬಂದಿದ್ದೇನೆ. ಫೋಮನ್ನು ಪೂರ್ತಿ ಕಿತ್ತು ಹಾಕಿಸಿದ್ದೇನೆ. ಗಿರಣಿಯ ಕಡೆಯಿಂದ ಬಾಗಿಲಿಗೆ ಗಟ್ಟಿ ಚಿಲಕ ಬಿದ್ದಿದೆ. ಈ ಕಡೆ ಅದಕ್ಕೆ ತಾಗಿದಂತೆ ಒಂದು ಹಲಗೆ ಹಾಕಿಸಿದ್ದೇನೆ, ಕಡ್ಡಿ ಕಿವಿಗೆ ಮುಚ್ಚಳ ಹಾಕಿಕೊಂಡು ಅದರ ಮೇಲೆ ಬಾಗಿಲಿಗೆ ಬೆನ್ನು ಒರಗಿಸಿ ಕೂರುತ್ತಾಳೆ, ಸಾಕೆನಿಸಿದಾಗ ಎದ್ದು ಹೋಗುತ್ತಾಳೆ. ಮಿಕ್ಸಿ ಹಿತ್ತಿಲಿಗೆ ಹೋಗಿದೆ. ವಾರದ ರಜೆಯಲ್ಲಿ ಕಾಳಿಲ್ಲದೆ ಕಲ್ಲು ತಿರುಗಿಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಆದ್ದರಿಂದ ಬೆಲ್ಟು ಕಳಚಿ ಬರಿಯ ಮೋಟಾರನ್ನು ಅವಳಿಗಾಗಿ ಸ್ವಲ್ಪ ಹೊತ್ತು ಓಡಿಸುತ್ತೇವೆ. ಮಣಿಕಟ್ಟಿನ ಗಾಯ ಒಣಗುತ್ತಿದೆ. ಕಚ್ಚುವುದು ಪೂರ್ತಿ ನಿಂತಿದೆ ಎಂದು ನಾನು ಹೇಳಲಾರೆ, ನನಗೆ ನಕ್ಷತ್ರ ಹಂಚುವ ಅಧಿಕಾರವಿಲ್ಲ. ಕಡಿಮೆಯಾಗಿದೆ. ಈ ಪತ್ರದ ಪ್ರತಿಯೊಂದನ್ನು ಗಿರಣಿಯ ಹೊರಗೋಡೆಗೆ ಅಂಟಿಸಿದ್ದೇನೆ. ಡಬ್ಬ ಇಟ್ಟು ಕಾಯುವವರು ಓದಲಿ, ಓದುಬಾರದವರಿಗೆ ನಾನೇ ಓದಿ ಹೇಳುತ್ತೇನೆ, ಬೀದಿಯ ಆಚೆ ಕೊನೆಗೂ ಕೇಳುವಂತೆ.

ಇಷ್ಟೆಲ್ಲ ಆದ ಮೇಲೂ, ಬರೆಯುವ ಮರ್ಯಾದೆಗಾಗಿ ಮಾತ್ರ ತಮ್ಮ ವಿಶ್ವಾಸಿಯಾದ,

‘ಹೆಚ್ಚಿನ ಶಬ್ದ’
(ಹಿಟ್ಟಿನ ಗಿರಣಿಯ ಯಜಮಾನಿ)

ವಿ.ಸೂ.: ತಮ್ಮ ಕಂಪನಿಯ ನಗುಮುಖದ ಯುವಕರು ನಮ್ಮ ಮನಸ್ಸು ಬದಲಿಸಲು ನಿನ್ನೆ ದಯಮಾಡಿಸಿದ್ದರು. ಹಳೆಯ ಮರ್ಯಾದೆ ಬಿಟ್ಟು ಗಿರಣಿಯನ್ನು ಓಡಲು ಬಿಟ್ಟೆವು. ಕುರ್ಚಿ ಕೊಟ್ಟೆವು, ಕುಡಿಯಲು ನೀರು ಕೊಟ್ಟೆವು. ಅವರು ಕಡ್ಡಿಯ ಎದುರಿಗೇ ಕೂತು ಬಹಳ ಹೊತ್ತು ತುಟಿ ಅಲ್ಲಾಡಿಸಿದರು, ನಮಗೆ ಒಂದಕ್ಷರವೂ ಕೇಳಲಿಲ್ಲ. ಮಗು ಒಂದು ಸಲವೂ ಅಳಲಿಲ್ಲ. ಅವರು ಅವಳನ್ನೇ ನೋಡುತ್ತಾ ನಿಧಾನವಾಗಿ ಮಾತು ನಿಲ್ಲಿಸಿದರು, ನಗುವನ್ನೂ ನಿಲ್ಲಿಸಿದರು. ಆಗ ನಾನು ಎದ್ದು, ತಮ್ಮನ್ನು ಗೋಡೆಯಿಂದ ಇಳಿಸಿ, ಬ್ಯಾಟರಿ ತೆಗೆದು ಅವರ ತೊಡೆಯ ಮೇಲಿಟ್ಟೆ.